ನಮ್ಮೂರ ಗಟಾರದ ನೀರು ಯಾವ ಸಮುದ್ರಕ್ಕೆ ಹೋಗುತ್ತದೆ? ಹುಬ್ಬಳ್ಳಿ-ಧಾರವಾಡದವರು ಮಾತಾಡೋಣ ಬನ್ನಿ

ಅಂಕೋಲೆ ತವರಿನವಳು (ಹುಬ್ಬಳ್ಳಿ) · ಭಾನುವಾರ, ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ನನ್ನ ತವರು ಅಂಕೋಲಾ ತಾಲೂಕು. ಗಂಗಾವಳಿ ಹೊಳೆ ಸಮುದ್ರ ಸೇರುವ ಕಡೆ. ಮದುವೆಯಾಗಿ ಹುಬ್ಬಳ್ಳಿಗೆ ಬಂದು 19 ವರ್ಷ ಆಯಿತು. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಊರಿಗೆ ಹೋಗಿದ್ದೆ. ಸೋದರಮಾವ ಬೆಳಿಗ್ಗೆ ಹೊಳೆಬಾಯಲ್ಲಿ ಬೀಸುಬಲೆ ಹಾಕಿದ್ದರು. ಎಳೆದಾಗ ಬಂದದ್ದು ನಾಲ್ಕೈದು ಮೀನು, ಒಂದು ಹವಾಯಿ ಚಪ್ಪಲಿ, ಒಂದಷ್ಟು ಗುಟ್ಕಾ ಚೀಟಿ, ಮತ್ತೆ ಬೇಕರಿಯ ಒಂದು ಪ್ಲಾಸ್ಟಿಕ್ ಚೀಲ. ಚೀಲದ ಬಣ್ಣ ಮಾಸಿತ್ತು. ಆದರೆ ಹುಬ್ಬಳ್ಳಿ ಅನ್ನುವ ಅಕ್ಷರ ಓದಲು ಬರುತ್ತಿತ್ತು. ಮಾವ ಅದನ್ನು ನೀರಲ್ಲಿ ಜಾಲಿಸಿ ನನ್ನ ಕೈಗೆ ಕೊಟ್ಟರು. "ಇದು ನಿಮ್ಮೂರಿಂದ ಬಂದದ್ದು ಅಲ್ವಾ ಮಗಾ?" ಎಂದರು. ಸಿಟ್ಟು ಮಾಡಲಿಲ್ಲ. ಸುಮ್ನೆ ಕೇಳಿದರು. ಅದಕ್ಕೇ ನನಗೆ ಜಾಸ್ತಿ ನೋವಾಯಿತು.

ಇವತ್ತು ಬೆಳಿಗ್ಗೆ ಗಣೇಶಪೇಟೆಗೆ ಮೀನು ತರಲು ಹೋಗಿದ್ದೆ. ಬುಟ್ಟಿ ತುಂಬ ಬಂಗಡೆ. ಆದರೆ ಒಂದೊಂದೂ ನನ್ನ ನಡುಬೆರಳಿಗಿಂತ ಸ್ವಲ್ಪ ಉದ್ದ, ಅಷ್ಟೇ. ನಾನು ಚಿಕ್ಕವಳಿದ್ದಾಗ ಇಷ್ಟು ಸಣ್ಣ ಬಂಗಡೆಯನ್ನು ನಮ್ಮ ಅಜ್ಜಿ ಕೈಯಲ್ಲೂ ಹಿಡಿಯುತ್ತಿರಲಿಲ್ಲ. ತರದೇ ವಾಪಸ್ ಬಂದೆ.

ಆ ಚೀಲ ಮತ್ತು ಈ ಮರಿ ಮೀನು, ಎರಡೂ ತಲೆಯಿಂದ ಹೋಗುತ್ತಿಲ್ಲ. ಹುಬ್ಬಳ್ಳಿಯಲ್ಲಿ ಸಮುದ್ರದ ಮಾತು ಬಂದರೆ ಬೀಚು, ಮೀನೂಟ, ಎರಡು ದಿನದ ಟ್ರಿಪ್. ಅದನ್ನು ಬಿಟ್ಟು ನಮಗೂ ಸಮುದ್ರಕ್ಕೂ ಏನು ಸಂಬಂಧ? ಗೊತ್ತಿದ್ದವರು ಹೇಳಿ.

ನವನಗರದ ಮೇಷ್ಟ್ರು · ಭಾನುವಾರ, ಮಧ್ಯಾಹ್ನ 12:15

ತಂಗಿ, ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವನು ನಾನು. ಈ ಪ್ರಶ್ನೆಯನ್ನು ಮಕ್ಕಳಿಗೆ ಪ್ರತಿ ವರ್ಷ ಕೇಳುತ್ತಿದ್ದೆ. "ಧಾರವಾಡದಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ?" ಅಂತ. ಎಲ್ಲರೂ ಕೆರೆಗೆ ಅನ್ನುತ್ತಿದ್ದರು. ಅಲ್ಲಿಗೇ ನಿಲ್ಲುತ್ತಿದ್ದರು.

ಹಂಚಿನ ಮನೆ ನೋಡಿದ್ದೀರಿ ಅಲ್ವಾ? ಮಾಡಿನ ನೆತ್ತಿ ಮೇಲೆ ಬಿದ್ದ ಹನಿ ಅರ್ಧ ಮುಂದಿನ ಅಂಗಳಕ್ಕೆ, ಅರ್ಧ ಹಿತ್ತಲಿಗೆ ಇಳಿಯುತ್ತದೆ. ನಮ್ಮ ಅವಳಿ ನಗರ ಕೂತಿರುವುದು ಅಂಥ ನೆತ್ತಿ ಮೇಲೆ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಶಾಲ್ಮಲೆ ಹುಟ್ಟುತ್ತಾಳೆ. ಕಲಘಟಗಿ ಕಡೆ ಬೇಡ್ತಿ ಆಗಿ, ಯಲ್ಲಾಪುರದ ಕಾಡಿಗೆ ನುಗ್ಗಿ, ಮಾಗೋಡಿನಲ್ಲಿ ಧುಮುಕಿ, ಕೊನೆಗೆ ಗಂಗಾವಳಿ ಅನ್ನುವ ಹೆಸರಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. ಅಂದರೆ ನಿಮ್ಮ ಸೋದರಮಾವನ ಹೊಳೆಬಾಯಿಗೇ.

ಇನ್ನೊಂದು ಇಳಿಜಾರು ಪೂರ್ವಕ್ಕೆ. ಆ ಕಡೆಯ ನೀರು ಬೆಣ್ಣಿಹಳ್ಳ ಹಿಡಿದು ರೋಣ ತಾಲೂಕಿನಲ್ಲಿ ಮಲಪ್ರಭೆ ಸೇರುತ್ತದೆ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ. ಕೃಷ್ಣೆ ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ. ಒಂದೇ ಊರಿನ ನೀರು, ಎರಡು ಸಮುದ್ರ. ಸಮುದ್ರ ಇಲ್ಲದ ಊರು ಅನ್ನುತ್ತೇವೆ. ನನಗೆ ಕೇಳಿದರೆ ಎರಡು ಸಮುದ್ರಕ್ಕೆ ಬಾಕಿ ಇಟ್ಟುಕೊಂಡ ಊರು ನಮ್ಮದು.

ಕೇಶ್ವಾಪುರದ ಸೈಕಲ್ · ಭಾನುವಾರ, ಮಧ್ಯಾಹ್ನ 1:05

ಮೇಷ್ಟ್ರೇ, ನೀವು ಹೇಳಿದ್ದು ಸರಿ. ಆದರೆ ಒಂದು ಚೀಲ ನೋಡಿ ಊರಿನ ಮೇಲೆ ತಪ್ಪು ಹೊರಿಸುವುದು ಸರಿಯಾ ಅಕ್ಕಾರ? ಅದು ಅಷ್ಟು ದೂರ, ಅಂಥ ಕಾಡು ಕಣಿವೆಯಲ್ಲಿ ಹರಿದೇ ಬಂದಿರಬೇಕು ಅಂತೇನಿಲ್ಲ. ಶನಿವಾರ ಗೋಕರ್ಣಕ್ಕೆ ಹೋಗಿ ನೋಡಿ. ಎಲ್ಲಿ ನೋಡಿದರೂ ನಮ್ಮ ಕಡೆಯ ಕೆಎ 25, ಕೆಎ 63 ಕಾರುಗಳು. ಯಾರೋ ಬ್ರೆಡ್ ತಿಂದು ಚೀಲ ಅಲ್ಲೇ ಬಿಟ್ಟಿರಬಹುದು.

ಅಂಕೋಲೆ ತವರಿನವಳು · ಭಾನುವಾರ, ಮಧ್ಯಾಹ್ನ 1:20

ಹೌದು ತಮ್ಮ, ಇರಬಹುದು. ನಾನೂ ಅದನ್ನು ಯೋಚಿಸಿದೆ. ಹೊಳೆ ತಂದರೂ ನಮ್ಮದೇ, ಕಾರು ತಂದರೂ ನಮ್ಮದೇ ಅಲ್ವಾ?

ಕೇಶ್ವಾಪುರದ ಸೈಕಲ್ · ಭಾನುವಾರ, ಮಧ್ಯಾಹ್ನ 1:24

ಒಪ್ಪಿದೆ ಅಕ್ಕಾರ.

ಬ್ಯಾಡಗಿ ಕೆಂಪು (ಹಾವೇರಿ ಜಿಲ್ಲೆ) · ಭಾನುವಾರ, ಸಂಜೆ 5:50

ಚರ್ಚೆ ಚೆನ್ನಾಗಿದೆ. ಆದರೆ ಸಮುದ್ರ ಅಂದರೆ ಬರೀ ಮೀನು, ಕಸ ಅಷ್ಟೇ ಅಲ್ಲ ರೀ. ನಾನು ಮೆಣಸಿನಕಾಯಿ ವ್ಯಾಪಾರದವನು. ನಮ್ಮ ಬ್ಯಾಡಗಿ ಕಾಯಿಯ ಬಣ್ಣ, ಸತ್ವ ತೆಗೆದು ಪರದೇಶಕ್ಕೆ ಕಳಿಸುತ್ತಾರೆ. ಅದು ಹೋಗುವುದು ಹಡಗಿನಲ್ಲೇ. ಲೋಕದ ವ್ಯಾಪಾರದಲ್ಲಿ ತೂಕದ ಲೆಕ್ಕಕ್ಕೆ ನೂರಕ್ಕೆ 80 ಪಾಲಿಗಿಂತ ಜಾಸ್ತಿ ಸಾಗುವುದು ಸಮುದ್ರದ ಮೇಲೆ. ನಾವು ಹಾಕುವ ಗೊಬ್ಬರದಲ್ಲಿ ಎಷ್ಟೋ ಪಾಲು ಹಡಗಿನಲ್ಲಿ ಬಂದದ್ದು. ಗಾಡಿಗೆ ಹಾಕುವ ಪೆಟ್ರೋಲಿನ ಎಣ್ಣೆಯೂ ಹಾಗೆಯೇ.

ಕಾರವಾರ, ಅಂಕೋಲಾ ನಮಗೆ ಹತ್ತಿರದ ಕರಾವಳಿ. ಅಲ್ಲಿ ಒಂದು ದೊಡ್ಡ ಬಂದರು, ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು, ಇವೆರಡನ್ನು ನಮ್ಮ ಭಾಗದವರು ದಶಕಗಳಿಂದ ಕೇಳುತ್ತಿದ್ದಾರೆ. ಸಾಗಣೆ ಖರ್ಚು ಇಳಿದರೆ ರೈತನ ಕೈಗೆ ನಾಲ್ಕು ಕಾಸು ಜಾಸ್ತಿ ಬರುತ್ತದೆ. ಸಮುದ್ರ ಕಾಪಾಡಿ ಅನ್ನುವವರು ಬಂದರು ಬೇಡ ಅನ್ನುತ್ತಾರೆ. ಹಾಗಾದರೆ ನಮ್ಮ ಮಾಲು ಎಲ್ಲಿಂದ ಹೋಗಬೇಕು? ಜಗಳಕ್ಕಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಕೇಣಿ ಕಡೆಯವನು (ಈಗ ಗೋಕುಲ ರೋಡ್) · ಭಾನುವಾರ, ರಾತ್ರಿ 9:30

ಅಣ್ಣಾರ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನಾನು ಮೀನುಗಾರರ ಮನೆಯವನು. ಎಂಟು ವರ್ಷದಿಂದ ಹುಬ್ಬಳ್ಳಿಯಲ್ಲಿ ಕೆಲಸ. ಬಂದರು ಬೇಡ ಅನ್ನುವವರ ಮನೆಯ ಒಳಗಿನ ಮಾತು ಹೇಳುತ್ತೇನೆ, ಕೇಳಿ.

ನಮ್ಮ ಕರಾವಳಿ ಉದ್ದ ಇರುವುದು ಸುಮಾರು 300 ಕಿಲೋಮೀಟರ್. ಅದರಲ್ಲಿ ಕಾರವಾರದ ನೌಕಾನೆಲೆಗೆ, ಅಂದರೆ ಸೀಬರ್ಡ್‌ಗೆ, ಊರಿಗೆ ಊರೇ ಎದ್ದು ಹೋದವು. ದೇಶಕ್ಕೆ ಬೇಕು ಅಂತ ಕೊಟ್ಟೆವು. ಈಗ ಹೊನ್ನಾವರದ ಕಾಸರಕೋಡಿನಲ್ಲಿ ಬಂದರು, ಅಂಕೋಲೆ ಹತ್ತಿರದ ನಮ್ಮ ಕೇಣಿಯಲ್ಲಿ ಬಂದರು. ಕಾಸರಕೋಡಿನ ದಂಡೆಯಲ್ಲಿ ಕಡಲಾಮೆ ಬಂದು ಮೊಟ್ಟೆ ಇಡುತ್ತದೆ. ಅದೇ ದಂಡೆಯಲ್ಲಿ ನಮ್ಮ ಹೆಂಗಸರು ಮೀನು ಒಣಗಿಸುತ್ತಾರೆ. ಆಮೆಗೂ ನಮಗೂ ಬೇಕಾದದ್ದು ಒಂದೇ ಮರಳು.

ಬಂದರು ಅಂದರೆ ಬರೀ ಒಂದು ಕಟ್ಟೆ ಅಲ್ಲ. ಹಡಗು ಬರಲು ಹೂಳೆತ್ತಿ ಆಳ ಮಾಡಬೇಕು. ಅಲೆ ತಡೆಯಲು ಕಲ್ಲಿನ ಗೋಡೆ ಬೇಕು. ಆ ಗೋಡೆ ಮರಳು ಸಾಗುವ ದಾರಿಯನ್ನೇ ಬದಲಿಸುತ್ತದೆ. ಒಂದು ಕಡೆ ಮರಳು ಗುಡ್ಡೆ ಆಗುತ್ತದೆ, ಇನ್ನೊಂದು ಕಡೆ ದಂಡೆ ಕೊಚ್ಚಿ ಹೋಗುತ್ತದೆ. ಸಣ್ಣ ದೋಣಿಯವನು ದಂಡೆ ಬಿಟ್ಟು ದೂರ ಹೋಗಲಾರ. ಅವನ ಹೊಲ ಅಂದರೆ ದಂಡೆಯ ಹತ್ತಿರದ ನೀರು. ನಿಮ್ಮ ಹೊಲದ ನಡುವೆ ರಸ್ತೆ ಹೋದರೆ ಪರಿಹಾರ ಕೇಳಬಹುದು, ಪಹಣಿ ಇರುತ್ತದೆ. ನಮ್ಮ ಹೊಲಕ್ಕೆ ಪಹಣಿ ಇಲ್ಲ ಅಣ್ಣಾರ.

ಇನ್ನು ಒಂದು. 2010ರ ಮೊದಲು ಬೇಲೆಕೇರಿ ಬಂದರಿಗೆ ಕಬ್ಬಿಣದ ಅದಿರು ಹೋಗುತ್ತಿದ್ದ ಕಾಲ ಹುಬ್ಬಳ್ಳಿಯವರಿಗೂ ನೆನಪಿದೆ. ಯಲ್ಲಾಪುರ, ಅರಬೈಲ್ ಘಾಟಿನ ತುಂಬ ಲಾರಿಗಳು. ರಸ್ತೆ ಪಕ್ಕದ ಗಿಡದ ಎಲೆ ಕೂಡ ಕೆಂಪಗಾಗಿತ್ತು. ಆ ಬಂದರಿನಿಂದ ಎಷ್ಟು ಅದಿರು ಕಳ್ಳತನದಲ್ಲಿ ಹೋಯಿತು ಅನ್ನುವುದು ಲೋಕಾಯುಕ್ತ ವರದಿಯಲ್ಲೇ ಬಂತು. ಊರಿನವರಿಗೆ ಉಳಿದದ್ದು ಧೂಳು. ಹಾಗಾಗಿ ಬಂದರು ಅಂದ ಕೂಡಲೇ ನಮ್ಮವರು ಹೆದರುತ್ತಾರೆ. ಮೆಣಸಿನಕಾಯಿ ಹೋಗಲಿ, ಖಂಡಿತ ಹೋಗಲಿ. ಎಲ್ಲಿ ಕಟ್ಟಬೇಕು, ಎಷ್ಟು ದೊಡ್ಡದು ಅನ್ನುವುದನ್ನು ಮೊದಲು ನಮ್ಮನ್ನು ಕೇಳಿ ತೀರ್ಮಾನಿಸಲಿ. ಎಲ್ಲ ನಿರ್ಧಾರ ಆದ ಮೇಲೆ ಸಭೆ ಕರೆದರೆ ಅದು ಕೇಳಿದ ಹಾಗಲ್ಲ.

ಬ್ಯಾಡಗಿ ಕೆಂಪು · ಭಾನುವಾರ, ರಾತ್ರಿ 10:10

ಪಹಣಿ ಇಲ್ಲದ ಹೊಲ ಅನ್ನುವ ಮಾತು ಮನಸ್ಸಿಗೆ ನಾಟಿತು ತಮ್ಮ. ಈ ದಿಕ್ಕಿನಿಂದ ನಾನು ಯಾವತ್ತೂ ನೋಡಿರಲಿಲ್ಲ. ಬಂದರು ಬೇಕು ಅನ್ನುವುದನ್ನು ಬಿಡುವುದಿಲ್ಲ. ಆದರೆ ನಮ್ಮ ಸಂಘದ ಸಭೆಯಲ್ಲಿ ಈ ವಿಷಯ ಬಂದಾಗ ನೀವು ಹೇಳಿದ್ದನ್ನೂ ಹೇಳುತ್ತೇನೆ.

ಕೋಡಿಬಾಗದಲ್ಲಿ ಕಲಿತವಳು (ಧಾರವಾಡ) · ಸೋಮವಾರ, ಬೆಳಿಗ್ಗೆ 7:45

ತಡವಾಗಿ ಬರುತ್ತಿದ್ದೇನೆ. ಎಷ್ಟೋ ಜನರಿಗೆ ಗೊತ್ತಿಲ್ಲ, ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ. ನಾನು ಅಲ್ಲಿ ಓದಿದವಳು. ಹಾಗಾಗಿ ಧಾರವಾಡಕ್ಕೂ ಸಮುದ್ರಕ್ಕೂ ಏನು ಸಂಬಂಧ ಅಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಮೊದಲು ಅಕ್ಕನ ಬಂಗಡೆ ಬಗ್ಗೆ. ಮೀನು ಒಂದು ಸಲವಾದರೂ ಮೊಟ್ಟೆ ಇಡುವ ಮೊದಲೇ ಬಲೆಗೆ ಬಿದ್ದರೆ ಮುಂದಿನ ವರ್ಷದ ಮೀನು ಎಲ್ಲಿಂದ ಬರಬೇಕು? ಬಿತ್ತನೆ ಬೀಜವನ್ನೇ ಹುರಿದು ತಿಂದ ಹಾಗೆ. ಕೇರಳ 2015ರಲ್ಲಿ ಇದಕ್ಕೆ ಅಳತೆ ಗೊತ್ತು ಮಾಡಿತು. ತಾರ್ಲೆ (ಬೂತಾಯಿ ಮೀನು) 10 ಸೆಂಟಿಮೀಟರ್, ಬಂಗಡೆ 14 ಸೆಂಟಿಮೀಟರ್. ಅದಕ್ಕಿಂತ ಸಣ್ಣದನ್ನು ಹಿಡಿಯುವಂತಿಲ್ಲ. ಅಕ್ಕ ನೋಡಿದ ಬಂಗಡೆ ಈ ಅಳತೆ ಮುಟ್ಟುವುದಿಲ್ಲ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿಗೆ ಉಸಿರಾಡಲು ಸಿಗುವ ಸಮಯ ಅದು. ಆದರೆ ಉಳಿದ ಹತ್ತು ತಿಂಗಳು ಏನು ನಡೆಯುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಜನರೇಟರ್ ಇಟ್ಟು ಸಮುದ್ರದ ಮೇಲೆ ಹಗಲಿನಂಥ ಬೆಳಕು ಮಾಡಿ, ಬೆಳಕಿಗೆ ಬಂದ ಮೀನನ್ನೆಲ್ಲ ಬಳಿಯುತ್ತಾರೆ. ಇದನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ. ಎರಡು ದೋಣಿ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಕೂಡ ನಿಷೇಧ. ಆದರೂ ಕದ್ದು ನಡೆಯುತ್ತದೆ. ಸಿಕ್ಕ ಮರಿಗಳಲ್ಲಿ ದೊಡ್ಡ ಪಾಲು ಜನರ ತಟ್ಟೆಗೂ ಬರುವುದಿಲ್ಲ. ಮೀನಿನ ಹಿಟ್ಟು, ಎಣ್ಣೆ ಮಾಡುವ ಕಾರ್ಖಾನೆಗೆ ಹೋಗಿ ಕೋಳಿ, ಸಿಗಡಿಗೆ ಮೇವಾಗುತ್ತದೆ.

ಲೋಕದ ಲೆಕ್ಕವೂ ಸಮಾಧಾನ ಕೊಡುವಂಥದ್ದಲ್ಲ. ವಿಶ್ವಸಂಸ್ಥೆಯ ಆಹಾರ ಸಂಸ್ಥೆ 2024ರಲ್ಲಿ ಹೇಳಿದ ಪ್ರಕಾರ, ಅದು ಲೆಕ್ಕ ಇಡುವ ಮೀನಿನ ಸಂಪತ್ತಿನಲ್ಲಿ ನೂರಕ್ಕೆ 37.7 ಪಾಲನ್ನು ತಾಳಿಕೆ ಮೀರಿ ಹಿಡಿಯಲಾಗುತ್ತಿದೆ.

ಇನ್ನು ಸಮುದ್ರ ಯಾರದ್ದು ಅನ್ನುವ ಮಾತು. ದಂಡೆಯಿಂದ 200 ನಾವಿಕ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್ ತನಕ ಮೀನು, ಎಣ್ಣೆ, ಖನಿಜದ ಹಕ್ಕು ಆ ದೇಶದ್ದು. ಹುಬ್ಬಳ್ಳಿಯಿಂದ ತುಮಕೂರು ದಾಟುವಷ್ಟು ದೂರ ಅಂದುಕೊಳ್ಳಿ. ಅದರ ಆಚೆ ಇರುವುದು ಎಲ್ಲರದ್ದು. ಹಳ್ಳಿಯ ಗೋಮಾಳ ಇದ್ದ ಹಾಗೆ. ಗೋಮಾಳಕ್ಕೆ ಏನಾಯಿತು ಅಂತ ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಗರದ ಮೂರರಲ್ಲಿ ಎರಡು ಪಾಲು ಇಂಥ ಗೋಮಾಳ. ಅದರ ಜೀವರಾಶಿ ಕಾಪಾಡಲು 2023ರಲ್ಲಿ ದೇಶಗಳೆಲ್ಲ ಸೇರಿ ಒಂದು ಒಪ್ಪಂದ ಮಾಡಿದವು. ಭಾರತ 2024ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿತು. 60 ದೇಶಗಳ ಅನುಮೋದನೆ ಸಿಕ್ಕಿ, 2026ರ ಜನವರಿ 17ರಂದು ಅದು ಜಾರಿಗೆ ಬಂತು. ಇದಕ್ಕೆ ಸುಮಾರು ಇಪ್ಪತ್ತು ವರ್ಷದ ಮಾತುಕತೆ ಹಿಡಿಯಿತು. ನನಗಂತೂ ತುಂಬ ಖುಷಿ ಕೊಟ್ಟ ಸುದ್ದಿ.

ಸಮುದ್ರದ ತಳವೂ ಇದೆ. ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೋಮೀಟರ್ ಜಾಗದಲ್ಲಿ ಖನಿಜದ ಗಡ್ಡೆ ಹುಡುಕುವ ಹಕ್ಕು ಭಾರತಕ್ಕಿದೆ. ಆಲೂಗಡ್ಡೆ ಗಾತ್ರದ ಗಡ್ಡೆಗಳು. ಒಳಗೆ ಮ್ಯಾಂಗನೀಸ್, ನಿಕಲ್, ಕೋಬಾಲ್ಟ್, ತಾಮ್ರ. 6,000 ಮೀಟರ್ ಆಳಕ್ಕೆ ಮೂವರನ್ನು ಇಳಿಸಲು ಮತ್ಸ್ಯ 6000 ಅನ್ನುವ ವಾಹನವನ್ನೂ ಚೆನ್ನೈನಲ್ಲಿ ತಯಾರು ಮಾಡುತ್ತಿದ್ದಾರೆ. ಅದು ನಮ್ಮವರ ದೊಡ್ಡ ಸಾಧನೆ, ಹೆಮ್ಮೆ ಇದೆ. ಆದರೆ ಆ ಗಡ್ಡೆ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಅದಕ್ಕೆ ಅಂಟಿಕೊಂಡು ಬದುಕುವ ಜೀವಿಗಳೂ ಇವೆ. ಬಾಚಿ ತೆಗೆದರೆ ವಾಪಸ್ ಬರಲು ಮನುಷ್ಯನ ಕಾಲ ಸಾಕಾಗುವುದಿಲ್ಲ. ಮೊದಲು ನೋಡೋಣ, ಚೆನ್ನಾಗಿ ತಿಳಿದುಕೊಳ್ಳೋಣ, ತೆಗೆಯುವ ಮಾತು ಆಮೇಲೆ. ಇದು ನನ್ನ ಅಭಿಪ್ರಾಯ.

ಮಾಗಡಿ ಕೆರೆ ದಂಡೆ (ಗದಗ ಜಿಲ್ಲೆ) · ಸೋಮವಾರ, ಬೆಳಿಗ್ಗೆ 9:10

ಗದಗದವರನ್ನೂ ಸೇರಿಸಿಕೊಳ್ಳಿ! ನಮ್ಮ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರ ಜನವರಿಯಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಲೋಕದ ಮುಖ್ಯ ಜೌಗು ನೆಲಗಳ ಪಟ್ಟಿಗೆ ಸೇರಿತು. ಅದೇ ದಿನ ಅದೇ ಪಟ್ಟಿಗೆ ಸೇರಿದ ಇನ್ನೊಂದು ಜಾಗ ಕುಮಟಾದ ಅಘನಾಶಿನಿ ಹೊಳೆಬಾಯಿ. ನಮ್ಮದು ಕಪ್ಪು ಮಣ್ಣಿನ ನಡುವಿನ ಸಿಹಿನೀರು, ಅದು ಉಪ್ಪುನೀರು. ನನಗೆ ಅಂದಿನಿಂದ ಅವೆರಡು ಅಕ್ಕ-ತಂಗಿ ಅನ್ನಿಸುತ್ತದೆ.

ಅಘನಾಶಿನಿಗೆ ಒಮ್ಮೆ ಹೋಗಿದ್ದೆ. ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ತನಕ ನೀರಿನಲ್ಲಿ ನಿಂತು ಬಳಚು ಅನ್ನುವ ಚಿಪ್ಪುಮೀನು ಆರಿಸುತ್ತಿದ್ದರು. ಪಕ್ಕದ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ. ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ ಭತ್ತ ಅದು. ಸಮುದ್ರವನ್ನು ಬಳಸಿಯೂ ಕೆಡಿಸದೆ ಇರುವುದು ಹೇಗೆ ಅಂತ ಅವರಿಗೆ ಗೊತ್ತಿದೆ.

ಇನ್ನೊಂದು ಮಾತು. ನಮ್ಮ ಹೊಲಕ್ಕೆ ಬರುವ ಮುಂಗಾರು ಮೋಡ ನೀರು ತುಂಬಿಕೊಳ್ಳುವುದು ಅರಬ್ಬಿ ಸಮುದ್ರದಲ್ಲೇ. ಭೂಮಿಯಲ್ಲಿ ಹೆಚ್ಚಾದ ಬಿಸಿಯಲ್ಲಿ ನೂರಕ್ಕೆ 90 ಪಾಲಿಗಿಂತ ಜಾಸ್ತಿಯನ್ನು ಸಮುದ್ರಗಳು ಒಳಗೆ ಎಳೆದುಕೊಂಡಿವೆ. ಸಮುದ್ರ ಕಾದರೆ ಮಳೆಯ ಹದ ತಪ್ಪುತ್ತದೆ. ಹೆಸರುಕಾಳು ಬಿತ್ತುವ ರೈತನಿಗೆ ಇದಕ್ಕಿಂತ ಹತ್ತಿರದ ಸಂಬಂಧ ಬೇಕಾ?

ಮದಿಹಾಳದ ಓದುಗ · ಸೋಮವಾರ, ಸಂಜೆ 6:30

ಎಲ್ಲ ಓದಿದೆ. ನನಗೆ ಸ್ವಲ್ಪ ಬೇಸರ ಇದೆ. 2025ರ ಮೇ 25ರಂದು ಕೇರಳದ ಹತ್ತಿರ ಎಂಎಸ್‌ಸಿ ಎಲ್ಸಾ 3 ಅನ್ನುವ ಹಡಗು ಮುಳುಗಿತು. 640 ಕಂಟೇನರ್ ಇತ್ತು. ಬಿಳಿ ಪ್ಲಾಸ್ಟಿಕ್ ಕಾಳುಗಳು ದಂಡೆಯುದ್ದಕ್ಕೂ ಹರಡಿದವು. ಜನ ಜರಡಿ ಹಿಡಿದು ಮರಳು ಸೋಸಿದರು. ಅಂಥದ್ದರ ಮುಂದೆ ನಮ್ಮ ಒಂದು ಬ್ರೆಡ್ ಚೀಲ ಯಾವ ಲೆಕ್ಕ? ದೊಡ್ಡವರ ತಪ್ಪಿಗೆ ಸಣ್ಣವರು ಯಾಕೆ ಪಶ್ಚಾತ್ತಾಪ ಪಡಬೇಕು?

ನವನಗರದ ಮೇಷ್ಟ್ರು · ಸೋಮವಾರ, ರಾತ್ರಿ 8:00

ನಿಮ್ಮ ಬೇಸರ ಅರ್ಥ ಆಗುತ್ತದೆ. ಆದರೆ ಹಡಗು ಮುಳುಗುವುದು ಎಂದೋ ಒಂದು ದಿನ. ನಮ್ಮ ನಾಲೆ ಹರಿಯುವುದು ದಿನಾ. ಮದಿಹಾಳದಲ್ಲಿ ಇದ್ದೀರಿ, ನಿಮಗೆ ಗೊತ್ತು. ಅವಳಿ ನಗರದ ಸುತ್ತಲ ಹಳ್ಳಿಗಳಲ್ಲಿ ಕೊಳಚೆ ನೀರನ್ನೇ ಹಾಯಿಸಿ ತರಕಾರಿ ಬೆಳೆಯುವುದು ಎಷ್ಟೋ ವರ್ಷದಿಂದ ಇದೆ. ಸಮುದ್ರ ಮುಟ್ಟುವ ಮೊದಲು ಆ ನೀರು ನಮ್ಮ ಊಟದ ತಟ್ಟೆಯನ್ನೇ ಮುಟ್ಟುತ್ತದೆ. ಬೇಡ್ತಿ ಪಕ್ಕದ ಹಳ್ಳಿಯ ದನ ಕುಡಿಯುವುದೂ ಅದೇ ನೀರು.

ಪಶ್ಚಾತ್ತಾಪ ಯಾರಿಗೂ ಬೇಡ. ಶುದ್ಧೀಕರಣ ಘಟಕಕ್ಕೆ ಹೋಗದ ಕೊಳಚೆ ಎಷ್ಟು, ಯಾವ ವಾರ್ಡಿನದು ಅಂತ ಪಾಲಿಕೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ. ನಾನು ಬರೆದು ಕೊಡುತ್ತೇನೆ. ನೀವು ಸಹಿ ಹಾಕುತ್ತೀರಾ?

ಮದಿಹಾಳದ ಓದುಗ · ಸೋಮವಾರ, ರಾತ್ರಿ 8:12

ಹಾಕುತ್ತೇನೆ ಸರ್.

ಬುಟ್ಟಿ ಮನೆಯವನು (ಹುಬ್ಬಳ್ಳಿ) · ಮಂಗಳವಾರ, ರಾತ್ರಿ 10:45

ನಮ್ಮ ಅವ್ವ ಮೂವತ್ತು ವರ್ಷದಿಂದ ಮೀನು ಮಾರುತ್ತಾಳೆ. ಅಕ್ಕಾರ, ನೀವು ನೋಡಿದ್ದು ನಮ್ಮ ಬುಟ್ಟಿಯೇ ಇರಬಹುದು. ಹಾಗಾಗಿ ನಮ್ಮ ಕಡೆಯ ಮಾತೂ ಕೇಳಿ.

ರಾತ್ರಿ ಗಾಡಿ ಘಾಟಿ ಹತ್ತಿ ಬರುತ್ತದೆ. ಬೆಳಗಿನ ಜಾವ ಹರಾಜು. ಬಾಕ್ಸ್ ಮುಚ್ಚಳ ತೆಗೆಯುವಷ್ಟು ಹೊತ್ತಿಗೆ ರೇಟು ಆಗಿರುತ್ತದೆ. ಮೇಲೆ ದೊಡ್ಡದು, ಐಸಿನ ಕೆಳಗೆ ಸಣ್ಣದು. ತಂದ ಮೇಲೆ ಮಾರಲೇಬೇಕು, ಇಲ್ಲದಿದ್ದರೆ ಅವತ್ತಿನ ಬಂಡವಾಳ ಹೋಯಿತು. ಇಸವಾಣದಂಥ ದುಬಾರಿ ಮೀನು ಕೊಳ್ಳುವವರು ವಾರಕ್ಕೆ ಹತ್ತು ಜನ. ಸಣ್ಣ ಮೀನು ಕೊಳ್ಳುವವರು ಕೂಲಿ ಕೆಲಸದವರು. ಅವರ ಮಕ್ಕಳಿಗೆ ಮೀನು ಅಂದರೆ ಅದೇ. ಸಣ್ಣ ಮೀನು ತಿನ್ನಬೇಡಿ ಅಂದರೆ ಅವರೇನು ತಿನ್ನಬೇಕು?

ಕೋಡಿಬಾಗದಲ್ಲಿ ಕಲಿತವಳು · ಬುಧವಾರ, ಬೆಳಿಗ್ಗೆ 7:20

ತುಂಬ ಒಳ್ಳೆಯ ಪ್ರಶ್ನೆ ತಮ್ಮ. ಸಣ್ಣ ಮೀನು ಬೇರೆ, ಮೀನಿನ ಮರಿ ಬೇರೆ. ನೆತ್ತಲಿ ಬೆಳೆಯುವುದೇ ಅಷ್ಟು. ಅದು ಬೇಗ ದೊಡ್ಡದಾಗುತ್ತದೆ, ಬೇಗ ಮೊಟ್ಟೆ ಇಡುತ್ತದೆ. ಬೆಳೆದ ತಾರ್ಲೆಯೂ ಅಗ್ಗ, ಸತ್ವವೂ ಜಾಸ್ತಿ. ಇವನ್ನು ತಿನ್ನುವುದರಲ್ಲಿ ತಪ್ಪಿಲ್ಲ. ತಪ್ಪು ಇರುವುದು ಬಂಗಡೆಯ ಮರಿ, ಇಸವಾಣದ ಮರಿ ಹಿಡಿಯುವುದರಲ್ಲಿ. ಅದೂ ಅವ್ವನ ತಪ್ಪಲ್ಲ, ಬಲೆಯ ಕಣ್ಣು ಸಣ್ಣ ಮಾಡಿದವರದ್ದು. ಆದರೆ ಹರಾಜಿನಲ್ಲಿ ಮರಿಗೆ ರೇಟು ಬೀಳದಿದ್ದರೆ ಆ ಸುದ್ದಿ ದೋಣಿ ಮೀನು ಇಳಿಸುವ ದಕ್ಕೆಗೆ ಬೇಗ ಮುಟ್ಟುತ್ತದೆ.

ಬುಟ್ಟಿ ಮನೆಯವನು · ಬುಧವಾರ, ಬೆಳಿಗ್ಗೆ 8:02

ಅವ್ವನಿಗೆ ಓದಿ ಹೇಳಿದೆ. "ಮರಿ ತಿಂದರೆ ಬರೀ ಮುಳ್ಳು, ಅದು ನನಗೂ ಗೊತ್ತು" ಎಂದಳು. ಮುಂಚೆ ಬೆಳೆದ ಬಂಗಡೆ ಒಂದು ಬುಟ್ಟಿ ತುಂಬಲು ಎಷ್ಟು ಬೇಕಿತ್ತು, ಈಗ ಎಷ್ಟು ಬೇಕು ಅಂತ ಲೆಕ್ಕ ಹೇಳಿದಳು. ಆಮೇಲೆ ಸುಮಾರು ಹೊತ್ತು ಸುಮ್ಮನೆ ಕೂತಿದ್ದಳು.

ಅಂಕೋಲೆ ತವರಿನವಳು · ಭಾನುವಾರ, ಮಧ್ಯಾಹ್ನ 12:30

ಒಂದು ವಾರ ಆಯಿತು. ಇವತ್ತು ಮತ್ತೆ ಗಣೇಶಪೇಟೆಗೆ ಹೋಗಿದ್ದೆ. ಮಗಳ ಕಂಪಾಸ್ ಬಾಕ್ಸಿನ ಸ್ಕೇಲು ತೆಗೆದುಕೊಂಡು ಹೋಗಿದ್ದೆ. ಬುಟ್ಟಿ ಮನೆಯ ತಮ್ಮ, ನಿಮ್ಮ ಅವ್ವ ಸಿಕ್ಕರು. ನಾನು ಸ್ಕೇಲು ತೆಗೆದ ಕೂಡಲೇ ಗುರುತು ಹಿಡಿದರು. ತಾವೇ ಬುಟ್ಟಿ ಕೆದಕಿ 18 ಸೆಂಟಿಮೀಟರಿನ ಆರು ಬಂಗಡೆ ಆರಿಸಿ ಕೊಟ್ಟರು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಇದೇನು ಅಂತ ಕೇಳಿದರು. ನನಗಿಂತ ಚೆನ್ನಾಗಿ ನಿಮ್ಮ ಅವ್ವನೇ ಹೇಳಿದರು. ಸ್ಕೇಲು ಅವರ ಹತ್ತಿರವೇ ಬಿಟ್ಟು ಬಂದೆ.

ಮಾವನಿಗೆ ಫೋನ್ ಮಾಡಿ ಮೇಷ್ಟ್ರು ಹೇಳಿದ ಶಾಲ್ಮಲೆಯ ದಾರಿ ವಿವರಿಸಿದೆ. ಸೋಮೇಶ್ವರ ಗುಡಿ ಅವರು ನೋಡಿಲ್ಲವಂತೆ. "ಹೊಳೆಯ ಬಾಯಿ ನೋಡುತ್ತಲೇ ಬದುಕಿದೆ ಮಗಾ, ಹುಟ್ಟು ನೋಡಿಲ್ಲ" ಎಂದರು. ಜೂನ್‌ನಲ್ಲಿ ಮೀನುಗಾರಿಕೆ ನಿಂತಾಗ ಬರುತ್ತಾರೆ. ಮೇಷ್ಟ್ರೇ, ಅವತ್ತು ನೀವು ಜೊತೆಗೆ ಬರುತ್ತೀರಾ? ಕೇಣಿ ಕಡೆಯ ತಮ್ಮ, ನೀವೂ ಬನ್ನಿ. ಊಟ ನಮ್ಮ ಮನೆಯಲ್ಲಿ.

ನವನಗರದ ಮೇಷ್ಟ್ರು · ಭಾನುವಾರ, ಮಧ್ಯಾಹ್ನ 12:41

ಬರುತ್ತೇನೆ ತಂಗಿ. ಅರ್ಜಿ ಹಾಕಿದ್ದೇವೆ, ಹದಿನಾಲ್ಕು ಸಹಿ ಆಗಿವೆ. ಉತ್ತರಕ್ಕೆ 30 ದಿನ ಸಮಯ ಇದೆ. ಬಂದ ದಿನವೇ ಇಲ್ಲಿ ಹಾಕುತ್ತೇನೆ.